ನಾಟಿ ವಾರದ ಒಲೆ

ಆನೆ ಅಡ್ಡ ಬರಬಹುದಿತ್ತು. ಕಾಡಿನ ನಟ್ಟನಡುವೆ ಬಸ್ಸು ಕೆಟ್ಟು ನಿಂತು, ಎಲ್ಲರೂ ಇಳಿದು ತಳ್ಳುತ್ತಿರುವಾಗ ಆನೆ ಬರಬಹುದಿತ್ತು. ಹೊಳೆ ದಾಟುವಾಗ ಬಿದಿರಿನ ಸಂಕ ಜಾರಿ ನಾನೊಂದು ಕಡೆ, ನನ್ನ ಕೈಚೀಲ ಒಂದು ಕಡೆ ತೇಲಿಹೋಗಬಹುದಿತ್ತು. ಜಿಗಣೆ ಮೂಗಿನೊಳಗೆ ಸೇರಿಕೊಳ್ಳಬಹುದಿತ್ತು. ಹಾಗೆ ಸೇರಿಸಿಕೊಂಡು ಆರು ತಿಂಗಳು ಸೀನುತ್ತಲೇ ಇದ್ದ ಒಬ್ಬ ಫಾರೆಸ್ಟ್ ಗಾರ್ಡಿನ ಕಥೆಯನ್ನು ನನ್ನ ಅಮ್ಮ ಗುಂಡ್ಲುಪೇಟೆಯ ಸಂತೆಯಲ್ಲಿ ಯಾರಿಂದಲೋ ಸಂಪಾದಿಸಿಕೊಂಡು ಬಂದಿದ್ದಳು. ಪ್ರಶ್ನೆಗಳ ಹಾಳೆಗಳೆಲ್ಲ ನೆನೆದು ಮುದ್ದೆಯಾಗಬಹುದಿತ್ತು. ಮಕ್ಕಳಾಗದ ಆಪರೇಷನ್ನಿಗೆ ಜನ ಹಿಡಿಯಲು ಬಂದವಳು ಎಂದು ತಿಳಿದು ಊರಿಗೆ ಊರೇ ಕಾಡಿಗೆ ಓಡಬಹುದಿತ್ತು. ಅಂಥ ಭಯ ಹುಟ್ಟಿಸಿದ ದಿನಗಳು ಕಳೆದು ಇನ್ನೂ ಬಹಳ ವರ್ಷ ಆಗಿರಲಿಲ್ಲ. ನನ್ನ ಕನ್ನಡ ಅವರಿಗೂ ಅವರ ಕನ್ನಡ ನನಗೂ ತಿಳಿಯದೆ ಹೋಗಬಹುದಿತ್ತು. ಜನ ಸುಳ್ಳು ಹೇಳಬಹುದಿತ್ತು. ಜನ ನಿಜವನ್ನೇ ಹೇಳಿ, ನಾನು ತಪ್ಪು ಚೌಕದಲ್ಲಿ ಗೀಟು ಹಾಕಬಹುದಿತ್ತು. ಇವೆಲ್ಲ ಸಾಲದೆ ಜ್ವರ ಬರಬಹುದಿತ್ತು, ಅದಕ್ಕೆಂದು ಅಮ್ಮ ಕೊಟ್ಟಿದ್ದ ಮಾತ್ರೆಗಳ ಪೊಟ್ಟಣ ಲಾಡ್ಜಿನಲ್ಲೇ ಉಳಿದುಬಿಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಹುಟ್ಟಾ ಚಿಂತೆಗಾರ್ತಿಯಾದ ನನಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಚಿಂತೆ ಮಾಡುವವರಿಗೆ ಲೋಕದ ಮೇಲೆ ಒಂದು ಸಣ್ಣ ಹಕ್ಕು ಇರುತ್ತದೆ: ಕೆಡುವುದಾದರೆ ನಾವು ಮೊದಲೇ ಹೆದರಿಟ್ಟ ರೀತಿಯಲ್ಲಿ ಕೆಡಲಿ ಎಂದು. ಆ ಹಕ್ಕೂ ನನಗೆ ದಕ್ಕಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಕಾಲೇಜಿನ ಸಮಾಜಶಾಸ್ತ್ರದ ಹುಡುಗ ಹುಡುಗಿಯರನ್ನು ಕರೆದುಕೊಂಡು ವಯನಾಡಿಗೆ ಹೋಗಿದ್ದೆ. ಕ್ಷೇತ್ರಾಧ್ಯಯನ ಎಂದು ಕಾಗದದ ಮೇಲೆ. ಅವರ ಮಟ್ಟಿಗೆ ಟೂರು. ಬತ್ತೇರಿಯ ಬಸ್ ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ, ಯಾವುದೋ ಹೋಟೆಲಿನ ಹಿಂಬದಿಯಲ್ಲಿ ಯಾರೋ ಹಸಿ ಬಿದಿರನ್ನು ಒಲೆಗೆ ಹಾಕಿದ್ದರು. ಹಸಿ ಬಿದಿರಿನ ಹೊಗೆಗೆ ಒಂದು ಹುಳಿ ವಾಸನೆ ಇದೆ. ಅದು ಕಣ್ಣಿಗೆ ಮೊದಲು ತಾಗಿ ಆಮೇಲೆ ಮೂಗಿಗೆ ಬರುತ್ತದೆ. ಕೈಯಲ್ಲಿ ಗ್ಲಾಸು ಹಿಡಿದು ನಾನು ನಿಂತಲ್ಲೇ ನಿಂತೆ. "ಮೇಡಂ, ಕಣ್ಣಲ್ಲಿ ನೀರು ಬರ್ತಿದೆ" ಎಂದಳು ಒಬ್ಬ ಹುಡುಗಿ. "ಹೊಗೆ" ಎಂದೆ. ಅದು ನಿಜವೂ ಆಗಿತ್ತು. ಮಕ್ಕಳನ್ನು ನನ್ನ ಸಹೋದ್ಯೋಗಿಗೆ ಒಪ್ಪಿಸಿ, ನೂಲ್ಪುಳದ ಕಡೆಗೆ ಹೋಗುವ ಒಂದು ಜೀಪು ಹತ್ತಿದೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ. ಆಗ ವಯನಾಡು ಹೊಸ ಜಿಲ್ಲೆ. ನನಗೆ ಎಂ.ಎ. ಮುಗಿದಿತ್ತು, ಕೆಲಸ ಇರಲಿಲ್ಲ. ಕಲ್ಪೆಟ್ಟದಲ್ಲಿ ಆಫೀಸುಗಳ ಬೋರ್ಡುಗಳಿಗೆ ಹೊಡೆದ ಬಣ್ಣ ಮಳೆಯಲ್ಲಿ ಒಣಗದೆ ಅಂಟಂಟಾಗಿ ಇರುತ್ತಿತ್ತು. ಯಾವುದನ್ನು ಕೇಳಿದರೂ "ಹೊಸ ಜಿಲ್ಲೆಯಲ್ಲವೇ" ಎನ್ನುವ ಉತ್ತರ. ಪೆನ್ಸಿಲ್ ಇಲ್ಲ, ಹೊಸ ಜಿಲ್ಲೆಯಲ್ಲವೇ. ಜೀಪಿಗೆ ಡ್ರೈವರ್ ಇಲ್ಲ, ಹೊಸ ಜಿಲ್ಲೆಯಲ್ಲವೇ. ಹೊಸ ಜಿಲ್ಲೆಯಲ್ಲಿ ಯಾರಿದ್ದಾರೆ, ಎಷ್ಟಿದ್ದಾರೆ, ಏನು ಉಣ್ಣುತ್ತಾರೆ, ಎಲ್ಲಿ ಓದುತ್ತಾರೆ ಎಂದು ಎಣಿಸಿ ಕೊಡುವ ಕೆಲಸ ಒಂದು ಸಂಶೋಧನಾ ಕೇಂದ್ರಕ್ಕೆ ಸಿಕ್ಕಿತ್ತು. ಹೆಸರು ಬೇಡ, ಈಗ ಆ ಕೇಂದ್ರವೂ ಇಲ್ಲ. ಗಡಿ ಪಂಚಾಯತಿಗಳಲ್ಲಿ ಕನ್ನಡ ಮಾತಾಡುವ ರೈತ ಮನೆತನಗಳಿವೆ, ಅವರ ಹತ್ತಿರ ಹೋಗಲು ಕನ್ನಡ ಬಲ್ಲವರು ಬೇಕು ಎಂದು ನನ್ನನ್ನು ತೆಗೆದುಕೊಂಡರು. ನನ್ನ ಜೀವನದಲ್ಲಿ ನನ್ನ ಕನ್ನಡಕ್ಕೆ ಸಂಬಳ ಸಿಕ್ಕಿದ್ದು ಅದೊಂದೇ ಸಲ.

ಕೇಂದ್ರದ ಮುಖ್ಯಸ್ಥರಾದ ಪ್ರೊಫೆಸರ್ ತೆಳ್ಳಗಿನ, ಬಿಳಿ ಮುಂಡು ಉಟ್ಟ, ಎಂದೂ ಧ್ವನಿ ಏರಿಸದ ಮನುಷ್ಯ. ನಮಗೆ ತರಬೇತಿ ಕೊಟ್ಟವರು ಅವರೇ. ಅವರಿಂದ ಕಲಿತದ್ದನ್ನೇ ನಾನು ಇವತ್ತಿಗೂ ತರಗತಿಯಲ್ಲಿ ಮಾರುತ್ತಿದ್ದೇನೆ. ಪ್ರಶ್ನೆಯನ್ನು ಬರೆದಂತೆಯೇ ಕೇಳಬೇಕು, ಒಂದು ಮಾತು ಹೆಚ್ಚಲ್ಲ, ಒಂದು ಮಾತು ಕಡಿಮೆಯಲ್ಲ. ಉತ್ತರ ಕೇಳಿ ಹುಬ್ಬು ಏರಿಸಬಾರದು. ಈ ಸಮೀಕ್ಷೆಯಿಂದ ಏನು ಸಿಗುತ್ತದೆ ಎಂದು ಜನಕ್ಕೆ ಹೇಳಬಾರದು, ಹೇಳಿದರೆ ಉತ್ತರ ಬಾಗುತ್ತದೆ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕುಟುಂಬ ಎಂದರೇನು? "ರಕ್ತ ಅಲ್ಲ, ಚಾವಣಿ ಅಲ್ಲ" ಎನ್ನುತ್ತಿದ್ದರು ಪ್ರೊಫೆಸರ್, ಬೋರ್ಡಿನ ಮೇಲೆ ಒಂದು ಒಲೆಯ ಚಿತ್ರ ಬರೆದು. "ಕಳೆದ ಏಳು ದಿನ ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಂಡವರೆಲ್ಲ ಒಂದು ಕುಟುಂಬ." ಎಷ್ಟು ಚೊಕ್ಕ. ಆ ಪ್ರಶ್ನೆಯನ್ನು ಬೇಸಿಗೆಯಲ್ಲಿ, ಕಲ್ಪೆಟ್ಟದ ಸುತ್ತಲಿನ ಮನೆಗಳಲ್ಲಿ ಕೇಳಿ ಪರೀಕ್ಷೆ ಮಾಡಿ ನೋಡಿದ್ದರು. ಒಂದು ತೊಡಕೂ ಬಂದಿರಲಿಲ್ಲ.

ಜುಲೈಯ ಬಿಡದ ಮಳೆಯಲ್ಲಿ, ಮಲಯಾಳಿಗಳ ಕರ್ಕಟಕ ಮಾಸದಲ್ಲಿ, ನನ್ನ ಪಾಲಿಗೆ ಬಂದದ್ದು ನೂಲ್ಪುಳದ ಕಾಡಂಚಿನ ನೇರಳಕೊಲ್ಲಿ. ಜೊತೆಗೆ ಮೇಲ್ವಿಚಾರಕರಾಗಿ ದಿವಾಕರನ್ ಸಾರ್. ಅವರು ಐವತ್ತರ ಹತ್ತಿರದವರು, ಕೊಡೆಯನ್ನು ಎಂದೂ ಬಿಚ್ಚದೆ ಊರುಗೋಲಿನಂತೆ ಹಿಡಿದು ನಡೆಯುವವರು. ನನ್ನ ಚಿಂತೆಗಳನ್ನೆಲ್ಲ ಬಸ್ಸಿನಲ್ಲೇ ಅವರಿಗೆ ಒಪ್ಪಿಸಿಬಿಟ್ಟಿದ್ದೆ. ಕೇಳಿಸಿಕೊಂಡು, "ಟೀಚರೇ, ಪೇಡಿಕ್ಕಂಡ" ಎಂದರು. ಹೆದರಬೇಡಿ ಎಂದು. ಓದಿದ ಹೆಂಗಸರೆಲ್ಲ ಆ ಕಡೆ ಟೀಚರೇ. ಆಮೇಲೆ, "ಆನೆ ಬಂದರೆ ಓಡಬಾರದು ಅಂತಾರೆ. ನಾನಂತೂ ಓಡ್ತೀನಿ, ನಿಮಗೆ ಮೊದಲೇ ಹೇಳಿಟ್ಟಿದ್ದೀನಿ" ಎಂದರು.

ನೇರಳಕೊಲ್ಲಿ ಎಂದರೆ ಉದ್ದಕ್ಕೂ ಹರಡಿದ ಒಂದು ವಯಲು, ಅಂದರೆ ಗದ್ದೆಬಯಲು, ಅದರ ಮೂರು ಕಡೆ ಕಾಡು, ಒಂದು ಕಡೆ ಹೊಳೆ. ವಯಲಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹುಲ್ಲಿನ ಮನೆ, ನಡುನಡುವೆ ನಾಲ್ಕಾರು ಹೆಂಚಿನವು. ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ ಬಂದು ನೆಲೆ ನಿಂತವರು. ಮನೆಯಲ್ಲಿ ಕನ್ನಡ, ಹೊಳೆ ದಾಟಿದರೆ ಮಲಯಾಳ. ನಾವು ಹೋದ ದಿನ ಇಡೀ ಊರು ಕೆಸರಿನಲ್ಲಿ ಬಾಗಿತ್ತು. ನಾಟಿ. ಹೆಂಗಸರು ಮಳೆಗೆ ಬೆನ್ನು ಮುಚ್ಚುವ ಗೊರಬೆ ಹೊದ್ದು ಸಾಲಾಗಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರೆ, ದೂರಕ್ಕೆ ಆಮೆಗಳ ಒಂದು ಸಾಲು ಹಿಮ್ಮುಖವಾಗಿ ನಡೆಯುವಂತೆ ಕಾಣುತ್ತಿತ್ತು. ನಮ್ಮನ್ನು ನೋಡಿ ಯಾರೂ ಕಾಡಿಗೆ ಓಡಲಿಲ್ಲ. ತಲೆ ಎತ್ತಲು ಅವರಿಗೆ ಪುರುಸೊತ್ತೇ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಅವರು ಮೇಲೆ ಬಂದಾಗ ನಮ್ಮನ್ನೂ ದೊಡ್ಡಮನೆಗೆ ಕರೆದರು. ಅಲ್ಲಿನ ಯಜಮಾನಿಯನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಒಣಗಿದ ನೆಲ್ಲಿಕಾಯಿಯಂಥ ಮುದುಕಿ, ಕೆಳಗೆ ಕೂತಲ್ಲಿಂದಲೇ ಊರು ನಡೆಸುವವಳು. ಆಕೆಯ ಮುಂದೆ ನಿಗಿನಿಗಿ ಉರಿಯುವ ಮೂರು ಬಾಯಿಯ ಒಲೆ. ಅದರ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟ ಬಿದಿರಿನ ಸೀಳು.

"ಯಾರ ಮಗಳವ್ವ ನೀನು?" ಎಂದಳು.

ಹೇಳಿದೆ.

"ಮದುವೆ ಆಗದಾ?"

"ಇಲ್ಲ."

"ಈ ಮಳೇಲಿ ಊರೂರು ಸುತ್ತಾಡ್ಕಂಡಿದ್ರೆ ಎಲ್ಲಿಂದ ಆದದು? ಕುಂತ್ಕ, ಮೊದಲು ಕಂಜಿ ಕುಡಿ. ಆ ಸಾರಿಗೂ ಕೊಡ್ರೇ. ಕೊಡೆ ಬಿಚ್ಚಕ್ಕೆ ಬರದ ಗಂಡ್ಸು, ಪಾಪ."

ಸುತ್ತ ಕೂತವರು ನಕ್ಕರು. ದಿವಾಕರನ್ ಸಾರಿಗೆ ಕನ್ನಡ ತಕ್ಕಮಟ್ಟಿಗೆ ತಿಳಿಯುತ್ತಿತ್ತು. ತಿಳಿಯದವರಂತೆ ಗಂಜಿಗೆ ಕೈ ಹಾಕಿದರು.

ನನ್ನ ಪಕ್ಕದಲ್ಲಿ ಕೂತು ಬಡಿಸಿದವಳು ನಾಗಮ್ಮ, ದೊಡ್ಡವ್ವನ ಮೂರನೇ ಮಗನ ಹೆಂಡತಿ. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದವಳು, ಏಳನೇ ಕ್ಲಾಸು ಓದಿದ್ದವಳು. ನನ್ನ ಮಡಿಲಲ್ಲಿದ್ದ ಮಾತ್ರೆಗಳ ಪೊಟ್ಟಣ ನೋಡಿ ನಕ್ಕು, ತನ್ನ ತವರಿನ ಕಡೆಯ ಸುದ್ದಿ ಕೇಳುವ ನೆಪದಲ್ಲಿ ಹತ್ತಿರ ಸರಿದು, ಧ್ವನಿ ಇಳಿಸಿ ಕೇಳಿದಳು: "ಟೀಚರೇ, ಇದು ಇಸ್ಕೂಲ್‌ದಾ?"

"ಯಾವ ಸ್ಕೂಲು?"

"ಈ ಪಕ್ಕಕ್ಕೆ ಒಂದು ಇಸ್ಕೂಲು ಕೊಡ್ತಾರಂತಲ್ಲ. ಒಬ್ರು ಮೇಷ್ಟ್ರು ಇರಾದು. ನೀವು ಬರ್ಕಂಡು ಹೋದ ಮೇಲೆ ಅಂತ ಪಂಚಾಯ್ತಿ ಮೆಂಬರು ಹೇಳ್ದ."

ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುವಂತಿರಲಿಲ್ಲ. "ನಾವು ಬರಿ ಕೇಳಿ ಬರ್ಕೊಳ್ಳೋದು ನಾಗಮ್ಮ" ಎಂದೆ, ತರಬೇತಿಯಲ್ಲಿ ಕಲಿತ ಮುಖ ಮಾಡಿಕೊಂಡು.

ಅವಳು ಮೂಲೆಗೆ ಕೈ ತೋರಿಸಿದಳು. ಅಲ್ಲಿ ಒಂಬತ್ತು ಹತ್ತು ವರ್ಷದ ಒಂದು ಹುಡುಗಿ, ಅವಳ ಮಗಳು ಭಾಗ್ಯ, ತಂಗಿಯ ತಲೆ ಬಾಚುತ್ತಾ ಕೂತಿದ್ದಳು. "ಮಳ ಹಿಡಿದ್ರೆ ಮಕ್ಕಳಿಗೆ ಹೊಳೆ ದಾಟಕ್ಕಾಗದು. ಮೂರು ತಿಂಗಳು ಮನೇಲಿ. ಆಮೇಲೆ ಹೋದ್ರೆ ಹೆಸರು ಹೊಡೆದಾಕಿರ್ತಾರೆ. ಮೂರು ವರ್ಷದಿಂದ ಎರಡನೇ ಕ್ಲಾಸು, ಟೀಚರೇ. ಪುಸ್ತಕ ಇಲ್ದೇನೂ ಒಪ್ಪಿಸ್ತಾಳೆ. ಮೂರನೇ ಕ್ಲಾಸಲ್ಲಿ ಏನಿರ್ತದ ಅಂತ ಮಾತ್ರ ಗೊತ್ತಿಲ್ಲ."

"ಅವಳ ಪಣಿ ಅವಳು ಮಾಡ್ಲಿ, ಬಿಡು ನಾಗಿ" ಎಂದಳು ದೊಡ್ಡವ್ವ. "ಕೇಳವ್ವ, ಏನ್ ಕೇಳೀಯೆ?"

ಕೇಳಿದೆ. ಬರೆದಂತೆಯೇ ಕೇಳಿದೆ. ಹೆಸರು, ವಯಸ್ಸು, ಓದು, ಜಮೀನು. ಆಮೇಲೆ ಪ್ರೊಫೆಸರ್ ಅವರ ಒಲೆ.

"ಕಳೆದ ಏಳು ದಿನ ನೀವು ಯಾವ ಒಲೆಯಲ್ಲಿ ಬೇಯಿಸಿದ್ದನ್ನು ಉಂಡಿರಿ?"

ದೊಡ್ಡವ್ವ ಸೌಟು ಕೈಯಲ್ಲಿ ಹಿಡಿದು ನನ್ನನ್ನು ನೋಡಿದಳು, ಇಂಥದನ್ನು ಕೇಳಲು ಸರ್ಕಾರ ಬಸ್ಸಿಗೆ ಹತ್ತಿಸಿ ಕಳಿಸಿತೇ ಎನ್ನುವಂತೆ. "ಇದೇ ಒಲೆ. ಬೇರೆ ಹಚ್ಚಕ್ಕೆ ನಮಗೇನು ಜಗಳವಾ?"

ನಾಗಮ್ಮನಿಗೂ ಕೇಳಿದೆ. "ಇದೇ ಒಲೆ." ಅವಳ ಓರಗಿತ್ತಿಗೆ ಕೇಳಿದೆ. "ಇದೇ ಒಲೆ." ಮಾರನೆಯ ದಿನ ವಯಲಿನ ಆಚೆ ಬದಿಯ ಇನ್ನೊಂದು ದೊಡ್ಡಮನೆಗೆ ಹೋದೆ, ಅದರ ಮಾರನೆಯ ದಿನ ಮತ್ತೊಂದಕ್ಕೆ, ಹೀಗೆ ಮನೆತನಕ್ಕೊಂದರಂತೆ ಇದ್ದ ಎಲ್ಲ ದೊಡ್ಡಮನೆಗಳಿಗೆ. ಅಲ್ಲೂ ಹಾಗೆಯೇ. ಅವರ ದನಿಯಲ್ಲಿ ಒಂದು ಹೆಮ್ಮೆ ಇತ್ತು. ಒಬ್ಬಾಕೆಯಂತೂ, "ಬರ್ಕಳಿ, ಚೆನ್ನಾಗಿ ಬರ್ಕಳಿ. ನಮ್ಮಲ್ಲಿ ಎಲ್ರೂ ಒಟ್ಟಿಗೆ ಅಂತ" ಎಂದಳು. ನಾನು ಚೆನ್ನಾಗಿಯೇ ಬರೆದುಕೊಂಡೆ. ಇಪ್ಪತ್ತಕ್ಕೂ ಮಿಕ್ಕಿ ಮನೆಗಳಿದ್ದ ಊರು ನನ್ನ ಹಾಳೆಗಳಲ್ಲಿ ಒಂಬತ್ತು ಕುಟುಂಬ ಆಯಿತು. ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನು ಟವೆಲ್ಲಿನಲ್ಲಿ ಸುತ್ತಿ, ಅದನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವಿನಂತೆ ತಬ್ಬಿಕೊಂಡು ಹೊಳೆ ದಾಟಿದೆ. ಒಂದು ಹನಿ ಸೋಕಲಿಲ್ಲ.

ಕಲ್ಪೆಟ್ಟದಲ್ಲಿ ಒಂದು ಬೀಜದಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಅಲ್ಲಿ ಸಾಲಾಗಿ ಕೂತು ನಾಲ್ಕು ಗೀಟು, ಅಡ್ಡಕ್ಕೊಂದು ಗೀಟು, ಮತ್ತೆ ನಾಲ್ಕು ಗೀಟು ಎಂದು ಇಡೀ ಜಿಲ್ಲೆಯನ್ನು ಗೀಟುಗಳನ್ನಾಗಿ ಮಾಡುತ್ತಿದ್ದೆವು. ನೇರಳಕೊಲ್ಲಿಯ ಸಾಲು ಬಂದಾಗ ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ದೊಡ್ಡ ಕುಟುಂಬಗಳು ಬೇರೆಲ್ಲೂ ಸಿಕ್ಕಿರಲಿಲ್ಲ. "ಅವಿಭಕ್ತ ಕುಟುಂಬ ಎಲ್ಲ ಕಡೆ ಒಡೆಯುತ್ತಿದೆ ಅಂತಾರೆ. ಗಡಿಯ ಈ ರೈತರಲ್ಲಿ ನೋಡಿ, ಉಳಿದಿದೆ" ಎಂದರು. ಅದರ ಮೇಲೆ ಒಂದು ಪ್ರಬಂಧ ಬರೆಯಬಹುದು ಎಂದರು. ಕ್ಷೇತ್ರಕಾರ್ಯಕ್ಕಾಗಿ ನನ್ನ ಹೆಸರನ್ನೂ ಕೃತಜ್ಞತೆಯಲ್ಲಿ ಹಾಕುತ್ತೇನೆ ಎಂದರು. ನನಗೆ ಎಷ್ಟು ಸಂತೋಷ ಆಯಿತೆಂದರೆ, ಹೆಸರಿನ ಕಾಗುಣಿತ ತಪ್ಪಾದರೆ ಎಂದು ಕೂಡಲೇ ಚಿಂತೆ ಹತ್ತಿತು.

ಎಣಿಸಿದ್ದರಲ್ಲಿ ಕೆಲವನ್ನು ಮತ್ತೆ ಹೋಗಿ ಸರಿ ನೋಡಬೇಕು ಎನ್ನುವುದು ವಿಧಾನದ ಇನ್ನೊಂದು ಕಟ್ಟಳೆ. ಅದಕ್ಕೆಂದು ಎತ್ತಿದ ಚೀಟಿಯಲ್ಲಿ ನೇರಳಕೊಲ್ಲಿಯೂ ಬಂತು. ಕೆಲವು ವಾರಗಳ ಮೇಲೆ ದಿವಾಕರನ್ ಸಾರ್ ಮತ್ತು ನಾನು ಮತ್ತೆ ಹೊಳೆ ದಾಟಿದೆವು. ಮಳೆ ಹಿಡಿದು ಬಿಟ್ಟು ಬರುತ್ತಿತ್ತು. ವಯಲು ತುಂಬ ಹಸಿರು ಎದ್ದು ನಿಂತಿತ್ತು. ದೊಡ್ಡಮನೆಯ ಅಂಗಳದಲ್ಲಿ ಹೆಂಗಸರು ಸೇರಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಡಕು ಮಡಕೆಯ ಒಂದು ಚೂರು. ದೊಡ್ಡವ್ವ ತನ್ನ ಒಲೆಯಿಂದ ಇಕ್ಕಳದಲ್ಲಿ ಕೆಂಡ ತೆಗೆದು ಒಬ್ಬೊಬ್ಬರ ಚೂರಿಗೂ ಹಾಕುತ್ತಿದ್ದಳು. ಅವರು ಸೆರಗು ಮರೆಮಾಡಿಕೊಂಡು, ಮಳೆ ಹನಿಗೆ ಬೆನ್ನು ಕೊಟ್ಟು, ಬೇಗ ಬೇಗ ತಮ್ಮ ತಮ್ಮ ಮನೆಗಳ ಕಡೆಗೆ ನಡೆದರು.

"ಏನು ನಾಗಮ್ಮ ಇದು?"

"ಒಲೆ ಎಬ್ಬಿಸಾದು" ಎಂದಳು ಅವಳು, ಕೆಂಡಕ್ಕೆ ಊದುತ್ತಾ. "ನಾಟಿ ಮುಗೀತಲ್ಲ, ಟೀಚರೇ."

ಅವಳ ಹಿಂದೆಯೇ ಹೋದೆ. ದಾರಿಯಲ್ಲಿ ಅವಳು ಹೇಳಿದ್ದು ಇಷ್ಟು. ನಾಟಿಗೆ ಕೂಲಿ ಆಳು ಇಲ್ಲ. ಇವತ್ತು ಇವರ ಗದ್ದೆಗೆ ಎಲ್ಲರೂ, ನಾಳೆ ಅವರ ಗದ್ದೆಗೆ ಎಲ್ಲರೂ. ಹೆಂಗಸರೆಲ್ಲ ಬೆಳಗಿನಿಂದ ಸಂಜೆವರೆಗೆ ಕೆಸರಲ್ಲಿ ಇರುವಾಗ ಮನೆಮನೆಯಲ್ಲಿ ಒಲೆ ನೋಡುವವರು ಯಾರು? ಒಣ ಸೌದೆಯಾದರೂ ಎಲ್ಲಿದೆ? ಅದಕ್ಕೆ ಮೊದಲ ದಿನ ಎಲ್ಲರೂ ತಮ್ಮ ಒಲೆ ಆರಿಸಿ, ಸಗಣಿ ಬಳಿದು, ಅದನ್ನು ಮಲಗಿಸುತ್ತಾರೆ. ಕೊನೆಯ ಗದ್ದೆ ನೆಟ್ಟು ಮುಗಿಯುವವರೆಗೆ ತಮ್ಮ ತಮ್ಮ ದೊಡ್ಡಮನೆಯ ಊಟ. ಆಮೇಲೆ ಅಲ್ಲಿಂದಲೇ ಬೆಂಕಿ ತಂದು ಎಬ್ಬಿಸುತ್ತಾರೆ. ಉಳಿದ ಹನ್ನೊಂದು ತಿಂಗಳು ಅವರವರ ಅಕ್ಕಿ, ಅವರವರ ಒಲೆ, ಅವರವರ ಜಗಳ.

ಅವಳ ಮನೆಯ ಜಗಲಿಯಲ್ಲಿ ನಿಂತು ತಿರುಗಿ ನೋಡಿದೆ. ವಯಲಿನ ಸುತ್ತ ಒಂದೊಂದೇ ಚಾವಣಿಯಿಂದ ಹೊಗೆ ಏಳುತ್ತಿತ್ತು. ನಾನು ಬಾಯಲ್ಲೇ ಎಣಿಸತೊಡಗಿದೆ. ದಿವಾಕರನ್ ಸಾರ್ ಕೂಡ ಎಣಿಸುತ್ತಿದ್ದರು. ಒಂಬತ್ತು ದಾಟಿದ ಮೇಲೆ ಅವರು ಮೊದಲ ಸಲ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಅವತ್ತು ನಾಗಮ್ಮನ ಒಲೆಯಲ್ಲೇ ಊಟ. ಹಸಿ ಬಿದಿರು ಹೊತ್ತದೆ ಹೊಗೆ ತುಂಬಿ ಎಲ್ಲರ ಕಣ್ಣಲ್ಲೂ ನೀರು. ಭಾಗ್ಯ ನನ್ನ ಮುಂದೆ ಕೂತು ಎರಡನೇ ಕ್ಲಾಸಿನ ಮಲಯಾಳ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಮುಗಿದ ಮೇಲೂ ಕೈಕಟ್ಟಿಕೊಂಡೇ ನಿಂತಿದ್ದಳು, ಮುಂದಿನದನ್ನು ನಾನೇನಾದರೂ ಹೇಳಿಕೊಡುತ್ತೇನೆಯೋ ಎಂದು.

ಹಿಂದಿರುಗುವ ಬಸ್ಸಿನಲ್ಲಿ ದಿವಾಕರನ್ ಸಾರ್ ನನಗೆ ಹೇಳಬಾರದ್ದನ್ನು ಹೇಳಿದರು. ಕಾಡಂಚಿನ ಊರುಗಳಿಗೆ ಒಬ್ಬ ಮೇಷ್ಟರ ಶಾಲೆ ಕೊಡುವುದು ನಿಜ. ನಮ್ಮ ಪಟ್ಟಿ ನೋಡಿ ತೀರ್ಮಾನ. ಇಪ್ಪತ್ತು ಕುಟುಂಬ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. "ನಿಮಗೆ ಹೇಳಿರಲಿಲ್ಲ, ಟೀಚರೇ. ಕೇಳುವವರಿಗೆ ಗೊತ್ತಿದ್ದರೆ ಉತ್ತರ ಬಾಗುತ್ತದೆ ಅಂತ ನಿಯಮ."

ಇಡೀ ದಾರಿ ನಾನು ಪ್ರೊಫೆಸರ್ ಮುಂದೆ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದೆ. ಅವರು ಕೋಪಿಸಿಕೊಂಡರೆ ಹೀಗೆ, ನಕ್ಕರೆ ಹೀಗೆ, ಕೆಲಸದಿಂದ ತೆಗೆದರೆ ಅಮ್ಮನಿಗೆ ಹೀಗೆ. ಅವರು ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. ಕುರ್ಚಿ ಎಳೆದು ಕೊಟ್ಟರು. ಪೂರ್ತಿ ಕೇಳಿದರು.

"ಕುಟ್ಟೀ" ಎಂದರು. ತಮಗಿಂತ ಚಿಕ್ಕವರನ್ನೆಲ್ಲ ಅವರು ಹಾಗೆಯೇ, ಮಗು ಎಂದೇ ಕರೆಯುತ್ತಿದ್ದದ್ದು. "ನೀನು ನೋಡಿದ್ದು ನಿಜ ಇರಬಹುದು. ಆದರೆ ಬೇರೆ ಊರುಗಳಲ್ಲೂ ಇಂಥದೇನಾದರೂ ಇರಬಹುದಲ್ಲವಾ? ಅಲ್ಲಿ ನೀನು ಎರಡನೇ ಸಲ ಹೋಗಿಲ್ಲ, ನೋಡಿಲ್ಲ. ನೋಡಿದ ಊರಿಗೊಂದು ಕೋಲು, ನೋಡದ ಊರಿಗೊಂದು ಕೋಲು ಇಟ್ಟುಕೊಂಡರೆ ಅದನ್ನು ಅಳತೆ ಅನ್ನುತ್ತಾರಾ?"

"ಅಲ್ಲಿ ನಿಜವಾಗಿ ಇಪ್ಪತ್ತಕ್ಕಿಂತ ಹೆಚ್ಚು ಮನೆ ಇದೆ ಸಾರ್."

"ಮನೆ ಎಣಿಸಲು ನಮಗೆ ಹೇಳಿಲ್ಲ. ಮತ್ತೆ, ಇಡೀ ಜಿಲ್ಲೆಯ ಲೆಕ್ಕದಲ್ಲಿ ಈ ಒಂದು ಊರು ಎಷ್ಟು? ದಶಮಾಂಶದ ಆಚೆ."

ದಶಮಾಂಶದ ಆಚೆ ಒಬ್ಬಳು ಹುಡುಗಿ ಮೂರು ವರ್ಷದಿಂದ ಕೈಕಟ್ಟಿ ನಿಂತಿದ್ದಾಳೆ, ಎಂದು ನಾನು ಹೇಳಬೇಕಿತ್ತು. ಈ ಮಾತು ನನಗೆ ಹೊಳೆದದ್ದು ಮೆಟ್ಟಿಲು ಇಳಿದು, ಬೀಜದಂಗಡಿ ದಾಟಿ, ಬಸ್ ಸ್ಟ್ಯಾಂಡಿಗೆ ಬಂದ ಮೇಲೆ. ಅಲ್ಲಿ ಅದನ್ನು ಕೇಳಲು ಒಬ್ಬ ಕಿತ್ತಳೆ ಮಾರುವವ ಮಾತ್ರ ಇದ್ದ.

ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಪ್ರಬಂಧದ ಆಸೆಗೆ ಹಾಗೆ ಹೇಳಿದರು ಎಂದು ಕೆಲವು ವರ್ಷ ನಂಬಿಕೊಂಡಿದ್ದೆ. ಸ್ವಲ್ಪ ಅದೂ ಇದ್ದಿರಬಹುದು. ಆದರೆ ಅವರು ಹೇಳಿದ್ದಕ್ಕೆ ಆಗಲೂ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಈಗ ಅದನ್ನೇ ಪಾಠ ಮಾಡುತ್ತೇನೆ, ಕೋಲಿನ ಹೋಲಿಕೆಯ ಸಮೇತ. ಚೆನ್ನಾಗಿ ಪಾಠ ಮಾಡುತ್ತೇನೆ ಎಂದು ಹೆಸರೂ ಇದೆ.

ಕೊನೆಗೆ ಅವರೇ ಒಂದು ದಾರಿ ಹೇಳಿದ್ದರು: ಅಡಿಟಿಪ್ಪಣಿ. ನೇರಳಕೊಲ್ಲಿಯ ಒಂಬತ್ತರ ತಲೆಯ ಮೇಲೆ ಒಂದು ನಕ್ಷತ್ರದ ಗುರುತು, ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ನಾಟಿಯ ವಿಷಯ. ಅದನ್ನು ಬರೆಯಲು ನಾನು ಎರಡು ದಿನ ತೆಗೆದುಕೊಂಡೆ. ನನ್ನ ಬರವಣಿಗೆಯಲ್ಲೇ ಅಷ್ಟು ಜಾಗ್ರತೆಯಿಂದ ಬರೆದದ್ದು ಬೇರೆ ಯಾವುದೂ ಇಲ್ಲ.

ಶಾಲೆ ಸಿಕ್ಕ ಊರುಗಳ ಪಟ್ಟಿ ಹೊರಬಿದ್ದಾಗ ನೇರಳಕೊಲ್ಲಿ ಅದರಲ್ಲಿ ಇರಲಿಲ್ಲ. ದಿವಾಕರನ್ ಸಾರ್ ನನ್ನನ್ನು ಕರೆದುಕೊಂಡು ಆ ಪಟ್ಟಿ ಮಾಡಿದವರ ಬಾಗಿಲಿಗೆ ಹೋದರು; ಅವರು ಹಾಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಅಲ್ಲಿನ ಗುಮಾಸ್ತರು ಸಭ್ಯರು, ಕೂರಿಸಿ ಫೈಲು ತೆಗೆದರು.

"ಒಂಬತ್ತು ಅಂತಿದೆಯಲ್ಲ ಸಾರ್."

"ಅದರ ಮೇಲೆ ನಕ್ಷತ್ರ ಇದೆ ನೋಡಿ."

ಗುಮಾಸ್ತರು ಬೆಳಕಿಗೆ ಹಿಡಿದು ನೋಡಿದರು. "ಇದೆ. ಏನಿದು ನಕ್ಷತ್ರ?"

"ಕೆಳಗೆ ವಿವರಣೆ ಇದೆ."

ಕೆಳಗೆ ಏನೂ ಇರಲಿಲ್ಲ. ಅವರಿಗೆ ಅಂಕಿಗಳು ಮಾತ್ರ ಬೇಕಿದ್ದುದರಿಂದ ಪಟ್ಟಿಯನ್ನಷ್ಟೇ ಬೇರೆಯಾಗಿ ಟೈಪು ಮಾಡಿಸಿದ್ದರು. ಟೈಪಿಸ್ಟು ನಿಷ್ಠೆಯಿಂದ ನಕ್ಷತ್ರವನ್ನೂ ಹೊಡೆದಿದ್ದಳು. ಅಕ್ಷರಗಳು ನಮ್ಮ ವರದಿಯ ಪುಟದ ಕೆಳಗೇ ಉಳಿದಿದ್ದವು. "ಹೊಸ ಜಿಲ್ಲೆಯಲ್ಲವೇ" ಎಂದರು ಗುಮಾಸ್ತರು, ನಿಜವಾದ ಮರುಕದಿಂದ. "ಮುಂದಿನ ಸಮೀಕ್ಷೆಯಲ್ಲಿ ಸರಿ ಮಾಡಿಸಿ."

ಸುದ್ದಿ ಹೇಳಲು ನಾನೇ ಹೋಗಬೇಕೆಂದಿದ್ದೆ. ದಿವಾಕರನ್ ಸಾರ್ ಬೇಡ ಎಂದು ತಾವೊಬ್ಬರೇ ಹೋಗಿ ಬಂದರು. ಏನಂದರು ಎಂದು ಕೇಳಿದರೆ, "ಕಂಜಿ ಕೊಟ್ಟರು" ಎಂದಷ್ಟೇ ಹೇಳಿದರು. ಆ ವರ್ಷ ಮುಗಿಯುವ ಮೊದಲು ನನಗೆ ಊರ ಕಡೆ ಕೆಲಸ ಸಿಕ್ಕಿತು. ಹೊರಟ ದಿನ, ಚೆಕ್‌ಪೋಸ್ಟ್ ದಾಟಿದ ಮೇಲೆ ಒಂದು ಒಂಟಿ ಆನೆ ರಸ್ತೆಯಿಂದ ಬಹಳ ದೂರದಲ್ಲಿ, ನಮ್ಮ ಬಸ್ಸಿನ ಕಡೆಗೆ ಬಾಲ ತಿರುಗಿಸಿ ನಿಂತಿತ್ತು.

ಹೋದ ವರ್ಷ ಜೀಪು ನನ್ನನ್ನು ನೇರಳಕೊಲ್ಲಿಯವರೆಗೂ ಬಿಟ್ಟಿತು, ಹೊಳೆಗೆ ಈಗ ಪಾಲ ಬಂದಿದೆ, ಸಿಮೆಂಟಿನ ಸೇತುವೆ. ವಯಲಿನ ಅರ್ಧ ಬಾಳೆಯಾಗಿದೆ, ಉಳಿದದ್ದರಲ್ಲಿ ನಾಟಿ ನಡೆಯುತ್ತಿತ್ತು. ನೆಡುತ್ತಿದ್ದವರು ಯಾರೋ ದೂರದಿಂದ ಬಂದ ಕೂಲಿಯವರು, ಅವರ ಮಾತು ನನಗೆ ತಿಳಿಯಲಿಲ್ಲ. ನಾಗಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ದಿಟ್ಟಿಸಿ ನೋಡಿ, "ಮಾತ್ರೆ ಪೊಟ್ಟಣದ ಟೀಚರಲ್ವಾ" ಎಂದಳು. ಒಳಗೆ ಗ್ಯಾಸಿನ ಒಲೆಯಲ್ಲಿ ಕಾಫಿ ಮಾಡಿದಳು.

ಭಾಗ್ಯ ಹೇಗಿದ್ದಾಳೆ ಎಂದು ಕೇಳಿದೆ.

"ಚೆನ್ನಾಗವಳೆ. ನಮ್ಮ ತವರ ಕಡೆಗೇ ಕೊಟ್ಟೋ. ಅವಳ ಮಗಳು ನರ್ಸು ಓದ್ತದ." ಲೋಟ ನನ್ನ ಮುಂದೆ ಇಟ್ಟು ಹೇಳಿದಳು: "ಇವಳು ಎರಡನೇ ಕ್ಲಾಸಲ್ಲೇ ನಿಂತ್ಬುಟ್ಳು. ಪಾಲ ಬಂದಾಗ ಮದುವೆ ಆಗಿತ್ತು."

ನಾನು ಗ್ಯಾಸಿನ ಒಲೆಯ ಕಡೆ ನೋಡಿದೆ.

"ನಾಟಿಗೆ ಈಗ ಒಲೆ ಮಲಗಿಸಲ್ವಾ, ನಾಗಮ್ಮ?"

"ಅದು ಆವತ್ತೇ ಹೋಯ್ತು" ಎಂದಳು. "ಆ ಸಾರ್ ಬಂದು ಹೇಳಿ ಹೋದ್ರಲ್ಲ, ಒಂದೇ ಒಲೆ ಅಂದದ್ದಕ್ಕೆ ಇಸ್ಕೂಲು ಬರ್ನಿಲ್ಲ ಅಂತ. ಮುಂದಿನ ವರ್ಷ ನಾನೇ ಎಲ್ಲರ ಮನೇಗೂ ಹೋಗಿ ಹೇಳ್ದಿ, ಯಾರೂ ಮಲಗಿಸಬ್ಯಾಡಿ, ಅವರು ತಿರುಗ ಬಂದ್ರೆ ಅಂತ. ದೊಡ್ಡವ್ವ ಕೇಳ್ನಿಲ್ಲ. ಎಲ್ಲರಿಗೂ ಆಗೋವಷ್ಟು ಅಕ್ಕಿ ಹಾಕಿ ಬೇಯಿಸ್ಕಂಡು ಕೂತ್ಕಂಡಿದ್ಲು. ಯಾರೂ ಹೋಗ್ನಿಲ್ಲ. ನಾವು ಕೆಸರಿಂದ ಎದ್ದು ಬಂದು, ಹೊಗೇಲಿ ಕಣ್ಣು ಕೆಡಿಸ್ಕಂಡು, ಅವರವರ ಮನೇಲಿ ಅವರವರು ಬೇಯಿಸ್ಕಂಡು ಉಂಡೋ. ಅದರ ಮುಂದಿನ ವರ್ಷಾನೂ ಹಂಗೇ. ಆಮೇಲೆ ನಿನ್ನ ಗದ್ದೆಗೆ ನಾನ್ಯಾಕೆ ಬರಲಿ ಅಂತ ಸುರುವಾಯ್ತು."

"ಅವರು ತಿರುಗ ಬಂದ್ರಾ?"

"ಯಾರು?"

"ಎಣಿಸೋರು."

"ಇಲ್ಲ" ಎಂದಳು ನಾಗಮ್ಮ. "ಈಗ ಬಂದ್ರೆ ಲೆಕ್ಕ ಸರಿಯಾಗಿ ಸಿಕ್ತದ."

ಈ ಸಲದ ಪರೀಕ್ಷೆಯಲ್ಲಿ ಕುಟುಂಬವನ್ನು ವ್ಯಾಖ್ಯಾನಿಸಿ ಎಂದು ಒಂದು ಪ್ರಶ್ನೆ ಇತ್ತು. ನನ್ನ ಜೊತೆ ಬತ್ತೇರಿಗೆ ಬಂದಿದ್ದ ಹುಡುಗಿಯೇ ಚೆನ್ನಾಗಿ ಬರೆದಿದ್ದಳು, ಕಳೆದ ಏಳು ದಿನ, ಒಂದೇ ಒಲೆ, ಪಕ್ಕದಲ್ಲಿ ಒಂದು ಚಿತ್ರ. ಪೂರ್ತಿ ಅಂಕ ಕೊಟ್ಟೆ. ಬೇರೆ ಏನು ಕೊಡಲಿ, ಉತ್ತರ ಸರಿಯಾಗಿದೆ.

ಆನೆ ಬರಲಿಲ್ಲ. ಸಂಕ ಜಾರಲಿಲ್ಲ, ಹಾಳೆ ನೆನೆಯಲಿಲ್ಲ, ಜ್ವರ ಬರಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ, ಯಾವ ಗೀಟೂ ತಪ್ಪು ಚೌಕದಲ್ಲಿ ಬೀಳಲಿಲ್ಲ. ನಾವು ಕೇಳಲು ಹೋದ ವಾರ ಅವರು ಒಟ್ಟಿಗೆ ಉಣ್ಣುತ್ತಿದ್ದರು, ಅಷ್ಟೇ.